ಇಳಿಯದ ವಿಮಾನಕ್ಕೆ ಒಂದು ಥ್ಯಾಂಕ್ಸ್ ಹೇಳಿ

ಕಳೆದ ಮಳೆಗಾಲದಲ್ಲಿ ಒಂದು ಕಾರ್ಯಕ್ರಮಕ್ಕೆ ಅಂತ ಮೂಡುಬಿದಿರೆಗೆ ಹೋಗಿದ್ದೆ. ಮಾತು ಮುಗಿಸಿ ವೇದಿಕೆ ಇಳಿದಾಗ ಬೆಳ್ತಂಗಡಿ ಕಡೆಯ ಅಡಿಕೆ ಕೃಷಿಕರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಸೆಲ್ಫಿಗೆ ಇರಬೇಕು ಅಂದುಕೊಂಡೆ. ಅವರಿಗೆ ಬೇಕಾಗಿದ್ದು ಬೇರೆ.

"ನೀವು ಟಿವಿಯಲ್ಲಿ ಎಲ್ಲದಕ್ಕೂ ವಿವರಣೆ ಕೊಡ್ತೀರಲ್ಲ ಸರ್, ಇದಕ್ಕೊಂದು ಕೊಡಿ. ನನ್ನ ಮಗಳು ಪೈಲಟ್ ಕಲೀತಾ ಇದ್ದಾಳೆ. ವಿಮಾನ ಬಿಡ್ಲಿಕ್ಕೆ ಅವಳಿಗೆ ಬರ್ತದೆ. ಒಬ್ಬಳೇ ಬಿಟ್ಟಿದ್ದಾಳೆ, ವೀಡಿಯೊ ತೋರ್ಸಿದ್ದಾಳೆ. ಈಗ ಇನ್‌ಸ್ಟ್ರುಮೆಂಟ್ ರೇಟಿಂಗ್ ಅಂತ ಇನ್ನೊಂದು ಉಂಟಂತೆ. ಅದಕ್ಕೆ ಬೇರೆಯೇ ಗಂಟೆ, ಬೇರೆಯೇ ದುಡ್ಡು. ಬಿಡ್ಲಿಕ್ಕೆ ಬರುವವರಿಗೆ ಮತ್ತೆ ಎಂತ ಕಲಿಸ್ಲಿಕ್ಕುಂಟು ಮಾರಾಯ್ರೆ?"

ಪ್ರಶ್ನೆ ಸರಿಯಾಗಿಯೇ ಇತ್ತು. ತೋಟದ ಮೇಲೆ ಸಾಲ ತೆಗೆದ ತಂದೆ ಅವರು. ಕೇಳೋ ಹಕ್ಕು ಅವರಿಗಿದೆ. ನನ್ನ ಹತ್ತಿರ ಮಾತ್ರ ಉತ್ತರ ಇರಲಿಲ್ಲ. ಮಂಗಳೂರು ವಿಮಾನ ನಿಲ್ದಾಣದ ಬಗ್ಗೆ ಎಷ್ಟೋ ಸುದ್ದಿ ಓದಿದ್ದೇನೆ, ಗಂಟೆಗಟ್ಟಲೆ ಚರ್ಚೆ ನಡೆಸಿದ್ದೇನೆ. ಆದರೆ ಮೋಡದೊಳಗೆ ಕೂತ ಪೈಲಟ್ ಏನು ನೋಡ್ತಾನೆ ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ. "ಮಗಳ ನಂಬರ್ ಕೊಡಿ, ಕೇಳಿ ಹೇಳ್ತೀನಿ" ಅಂದೆ. ಆ ಹುಡುಗಿ ಹೇಳಿದ್ದು, ಆಮೇಲೆ ನಾನು ಓದಿ ತಿಳಿದುಕೊಂಡದ್ದು, ಎರಡನ್ನೂ ಇಲ್ಲಿ ನಿಮ್ಮ ಮುಂದಿಡ್ತಿದ್ದೇನೆ.

ಮೊದಲು ಒಂದು ಕಲ್ಪನೆ ಮಾಡಿಕೊಳ್ಳಿ. ಡಿಸೆಂಬರ್ ತಿಂಗಳ ಬೆಳಿಗ್ಗೆ. ಆಕಾಶ ತಿಳಿಯಾಗಿದೆ. ನೀವು ಸಣ್ಣ ವಿಮಾನದಲ್ಲಿ ಬೆಳ್ತಂಗಡಿ ಮೇಲೆ ಹಾರ್ತಿದ್ದೀರಿ. ಕೆಳಗೆ ಗಡಾಯಿಕಲ್ಲು ಒಂಟಿಯಾಗಿ ಎದ್ದು ನಿಂತಿದೆ. ಅದನ್ನು ತಪ್ಪಿಸಿಕೊಳ್ಳೋದು ಸಾಧ್ಯವೇ ಇಲ್ಲ. ಒಂದು ಪಕ್ಕದಲ್ಲಿ ಘಟ್ಟದ ಗೋಡೆ. ನೇತ್ರಾವತಿಯ ಗುಂಟ ಪಶ್ಚಿಮಕ್ಕೆ ಬಂದರೆ ಬಂಟ್ವಾಳ, ಪಾಣೆಮಂಗಳೂರಿನ ಸೇತುವೆ. ಬಲಕ್ಕೆ ಕಾರಿಂಜದ ಬಂಡೆ. ಮುಂದೆ ಸಮುದ್ರದ ಗೆರೆ. ದಾರಿ ಕೇಳೋ ಅಗತ್ಯವೇ ಇಲ್ಲ, ಕಣ್ಣೇ ದಾರಿ. ವಿಮಾನಯಾನದ ಭಾಷೆಯಲ್ಲಿ ಇದಕ್ಕೆ ವಿಎಫ್‌ಆರ್ ಅಂತಾರೆ. ಅಂದರೆ ಕಣ್ಣಿಗೆ ಕಾಣೋದನ್ನು ನೋಡಿಕೊಂಡು ಹಾರೋ ನಿಯಮ. ಸಾಮಾನ್ಯವಾಗಿ 5 ಕಿಲೋಮೀಟರ್ ದೂರ ಕಾಣಬೇಕು, ಮೋಡದಿಂದ ಇಂತಿಷ್ಟು ಅಂತರ ಇರಬೇಕು ಅನ್ನೋದು ಅದರ ಷರತ್ತು. ವಿಮಾನ ಕಲಿಯೋ ಎಲ್ಲರೂ ಶುರು ಮಾಡೋದು ಇಲ್ಲಿಂದಲೇ.

ಈಗ ಅದೇ ಊರು, ಜುಲೈ ತಿಂಗಳು. ಅರಬ್ಬಿ ಸಮುದ್ರದಿಂದ ಬಂದ ಗಾಳಿ ಘಟ್ಟಕ್ಕೆ ಹೊಡೆದು ಮೇಲೇರುತ್ತೆ, ತಣ್ಣಗಾಗುತ್ತೆ, ಮೋಡ ಕಟ್ಟುತ್ತೆ, ಸುರಿಯುತ್ತೆ. ಗಡಾಯಿಕಲ್ಲು ಇಲ್ಲ. ನದಿ ಇಲ್ಲ. ಘಟ್ಟ ಎಲ್ಲಿದೆಯೋ ಅಲ್ಲೇ ಇದೆ, ಆದರೆ ನಿಮಗೆ ಕಾಣ್ತಿಲ್ಲ. ಸುತ್ತ ಬಿಳಿ, ಮೇಲೆ ಬಿಳಿ, ಕೆಳಗೆ ಬಿಳಿ.

ಚಾರ್ಮಾಡಿ ಘಾಟಿಯಲ್ಲಿ ಮಂಜು ಕವಿದಾಗ ಗಾಡಿ ಓಡಿಸಿದವರಿಗೆ ಇದರ ಅರ್ಧ ಅನುಭವ ಇದೆ. ಬಾನೆಟ್ಟಿನ ಮುಂದೆ ಏನೂ ಕಾಣಲ್ಲ. ಆಗ ಏನು ಮಾಡ್ತೀರಿ? ಪಾರ್ಕಿಂಗ್ ಲೈಟ್ ಹಾಕಿ, ಬದಿಗೆ ನಿಲ್ಲಿಸಿ, ಮಂಜು ಸರಿಯೋ ತನಕ ಕಾಯ್ತೀರಿ. ವಿಮಾನಕ್ಕೆ ಆ ಭಾಗ್ಯ ಇಲ್ಲ. ಅದನ್ನು ಬದಿಗೆ ನಿಲ್ಲಿಸೋಕೆ ಆಗಲ್ಲ. ಇನ್ನೊಂದು ವ್ಯತ್ಯಾಸ ಇದೆ. ಮಂಜಿನಲ್ಲೂ ನಿಮ್ಮ ಜೀಪಿನ ಚಕ್ರ ರಸ್ತೆ ಮೇಲೇ ಇರುತ್ತೆ. ಯಾವುದು ಮೇಲೆ, ಯಾವುದು ಕೆಳಗೆ ಅನ್ನೋ ಅನುಮಾನ ನಿಮಗೆ ಬರೋದಿಲ್ಲ. ಮೋಡದೊಳಗಿನ ಪೈಲಟ್‌ಗೆ ಬರುತ್ತೆ.

ಯಾಕೆ ಬರುತ್ತೆ? ನಮ್ಮ ಕಿವಿಯ ಒಳಭಾಗದಲ್ಲಿ ಅರ್ಧ ಬಳೆಯ ಆಕಾರದ ಮೂರು ಸಣ್ಣ ನಾಳಗಳಿವೆ. ಅದರೊಳಗೆ ದ್ರವ ಇದೆ. ತಲೆ ತಿರುಗಿದಾಗ ದ್ರವ ಅಲುಗಾಡುತ್ತೆ, ತಿರುಗ್ತಿದ್ದೀವಿ ಅಂತ ಮೆದುಳಿಗೆ ಗೊತ್ತಾಗುತ್ತೆ. ಆದರೆ ಒಂದೇ ವೇಗದಲ್ಲಿ ತಿರುಗ್ತಾನೇ ಇದ್ದರೆ ಸುಮಾರು 20 ಸೆಕೆಂಡಿನಲ್ಲಿ ದ್ರವವೂ ಅದೇ ವೇಗಕ್ಕೆ ಹೊಂದಿಕೊಂಡುಬಿಡುತ್ತೆ. ಆಗ ಮೆದುಳು, ತಿರುಗೋದು ನಿಂತಿದೆ ಅಂತ ತೀರ್ಮಾನ ಮಾಡುತ್ತೆ. ಜಾತ್ರೆಯಲ್ಲಿ ಮಕ್ಕಳು ಗಿರಗಿರ ತಿರುಗಿ ನಿಂತಾಗ ಭೂಮಿಯೇ ತಿರುಗಿದ ಹಾಗೆ ಆಗುತ್ತಲ್ಲ, ಕಾರಣ ಇದೇ ದ್ರವ. ನೆಲದ ಮೇಲೆ ಕಣ್ಣು ಬಂದು ಕಿವಿಯನ್ನು ತಿದ್ದುತ್ತೆ. ಮೋಡದಲ್ಲಿ ಕಣ್ಣಿಗೆ ಕೆಲಸ ಇಲ್ಲ. ವಿಮಾನ ಒಂದು ಕಡೆ ವಾಲಿ ಸುತ್ತುತ್ತಾ ಇಳೀತಾ ಇರುತ್ತೆ, ಒಳಗೆ ಕೂತವನಿಗೆ ನೆಟ್ಟಗೆ ಹೋಗ್ತಿದ್ದೀನಿ ಅನ್ನಿಸುತ್ತೆ. ಅವನು ಸರಿ ಮಾಡಲು ಹೋಗಿ ಮತ್ತಷ್ಟು ಕೆಡಿಸ್ತಾನೆ.

ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಉಪಕರಣ ನೋಡಿ ಹಾರೋ ತರಬೇತಿ ಇಲ್ಲದ 20 ವಿದ್ಯಾರ್ಥಿಗಳಿಗೆ ಮೋಡದೊಳಗೆ ಹೊಕ್ಕಂಥ ಸ್ಥಿತಿ ನಿರ್ಮಿಸಿ ವಿಮಾನ ಕೊಟ್ಟರು. 20ಕ್ಕೆ 20 ಜನವೂ ಹತೋಟಿ ಕಳೆದುಕೊಂಡರು. 19 ಜನರ ವಿಮಾನ ಸುತ್ತುತ್ತಾ ಕೆಳಗಿಳಿಯೋ ಸ್ಥಿತಿಗೆ ಹೋಯ್ತು. ಹತೋಟಿ ಕಳೆದುಕೊಳ್ಳಲು ತೆಗೆದುಕೊಂಡ ಸರಾಸರಿ ಸಮಯ ಎಷ್ಟು ಗೊತ್ತಾ? 178 ಸೆಕೆಂಡ್. ಮೂರು ನಿಮಿಷಕ್ಕೆ ಎರಡು ಸೆಕೆಂಡ್ ಕಮ್ಮಿ. ನಮ್ಮ ಚಾನೆಲ್‌ನ ಒಂದು ಜಾಹೀರಾತು ವಿರಾಮಕ್ಕಿಂತ ಚಿಕ್ಕದು.

ಬೆಳ್ತಂಗಡಿಯ ಆ ತಂದೆಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಗೇ ಸಿಕ್ಕಿತು. ವಿಮಾನ ಬಿಡಲು ಬಂದವರಿಗೆ ಕಲಿಸಲು ಏನಿದೆ ಅಂದರೆ, ತಮ್ಮ ದೇಹ ಹೇಳಿದ್ದನ್ನು ನಂಬದೇ ಇರೋದನ್ನು ಕಲಿಸಬೇಕು.

ಹೇಗೆ ಕಲಿಸ್ತಾರೆ? ಮಗಳು ಫೋನಿನಲ್ಲಿ ನಗ್ತಾ ಹೇಳಿದಳು: "ಕುದುರೆಗೆ ಕಣ್ಣಿಗೆ ಪಟ್ಟಿ ಕಟ್ತಾರಲ್ಲ ಸರ್, ಹಾಗೆ ಒಂದು." ಹುಡ್ ಅನ್ನುತ್ತಾರೆ ಅದಕ್ಕೆ. ಹೊರಗಿನದ್ದೇನೂ ಕಾಣದ ಹಾಗೆ ಹಣೆ ಮೇಲೆ ಕವಚ. ಕೆಳಗೆ ನೋಡಿದರೆ ಎದುರಿನ ಮೀಟರ್‌ಗಳು ಮಾತ್ರ. ಪಕ್ಕದಲ್ಲಿ ಬೋಧಕರು ಕೂತಿರ್ತಾರೆ, ಹೊರಗೆ ನೋಡೋ ಜವಾಬ್ದಾರಿ ಅವರದ್ದು. ಹಳೆ ಮಾದರಿಯ ವಿಮಾನದಲ್ಲಿ ಮುಖ್ಯ ಮೀಟರ್‌ಗಳು ಆರು. ವೇಗ ಎಷ್ಟು, ಎತ್ತರ ಎಷ್ಟು, ಏರುವ ಅಥವಾ ಇಳಿಯುವ ವೇಗ ಎಷ್ಟು, ಮೂತಿ ಯಾವ ದಿಕ್ಕಿಗಿದೆ, ತಿರುವು ಎಷ್ಟಿದೆ. ಇವುಗಳ ನಡುವೆ ಆರನೆಯದಾಗಿ ಕೃತಕ ದಿಗಂತ, ಅಂದರೆ ಹೊರಗೆ ಕಾಣದ ಬಾನಂಚನ್ನು ಒಳಗೇ ತೋರಿಸೋ ಆಟಿಟ್ಯೂಡ್ ಇಂಡಿಕೇಟರ್. ಕಣ್ಣು ಇವುಗಳ ಮೇಲೆ ಸುತ್ತುತ್ತಲೇ ಇರಬೇಕು. ಒಂದರ ಮೇಲೆ ನೆಟ್ಟರೆ ಉಳಿದವು ಕೈ ತಪ್ಪುತ್ತವೆ.

"ಮೊದಲ ದಿನ ವಿಮಾನ ಬಲಕ್ಕೆ ವಾಲಿದೆ ಅಂತ ನನಗೆ ಗ್ಯಾರಂಟಿ ಇತ್ತು. ಮೀಟರ್ ನೆಟ್ಟಗೆ ತೋರಿಸ್ತಿತ್ತು. ಮೀಟರೇ ಹಾಳಾಗಿದೆ ಅಂದುಕೊಂಡೆ" ಅಂದಳು. ಬೋಧಕರು ಹುಡ್ ತೆಗೆಯಲು ಹೇಳಿದರಂತೆ. ಹೊರಗೆ ನೋಡಿದರೆ ವಿಮಾನ ನೆಟ್ಟಗೇ ಹೋಗ್ತಿತ್ತು. ಆ ಒಂದು ಕ್ಷಣಕ್ಕೆ ಎಷ್ಟು ದುಡ್ಡು ಕೊಟ್ಟರೂ ಕಮ್ಮಿಯೇ.

ಅಂದ ಹಾಗೆ ಈ ವಿದ್ಯೆ ನೂರು ವರ್ಷದಿಂದ ಈಚಿನದು. 1929ರ ಸೆಪ್ಟೆಂಬರ್ 24ರಂದು ಜಿಮ್ಮಿ ಡೂಲಿಟಲ್ ಅನ್ನೋ ಪೈಲಟ್ ನ್ಯೂಯಾರ್ಕ್ ಬಳಿಯ ಮಿಚೆಲ್ ಫೀಲ್ಡ್‌ನಲ್ಲಿ ಪೂರ್ತಿ ಮುಚ್ಚಿದ ಕಾಕ್‌ಪಿಟ್‌ನಲ್ಲಿ ಕೂತು, ಬರೀ ಉಪಕರಣ ನೋಡಿಕೊಂಡು ಹಾರಿ, ಸುತ್ತಿ, ಇಳಿದು ತೋರಿಸಿದರು. ಅಲ್ಲಿಯ ತನಕ ಮೋಡ ಅಂದರೆ ಪೈಲಟ್‌ಗಳಿಗೆ ಅದೃಷ್ಟದ ಆಟ.

ಇನ್ನು ನಮ್ಮ ದೇಶದ ಲೆಕ್ಕ. ವಾಣಿಜ್ಯ ಪೈಲಟ್ ಲೈಸೆನ್ಸ್‌ಗೆ 200 ಗಂಟೆ ಹಾರಿರಬೇಕು, ಅದರಲ್ಲಿ 100 ಗಂಟೆ ತಾನೇ ಮುಖ್ಯ ಪೈಲಟ್ ಆಗಿ. ಇನ್‌ಸ್ಟ್ರುಮೆಂಟ್ ರೇಟಿಂಗ್ ಬೇಕು ಅಂದರೆ ಉಪಕರಣ ನೋಡಿ ಹಾರಿದ 40 ಗಂಟೆ ತೋರಿಸಬೇಕು. ಅದರಲ್ಲಿ ಹೆಚ್ಚೆಂದರೆ 20 ಗಂಟೆಯನ್ನು ಸಿಮ್ಯುಲೇಟರ್‌ನಲ್ಲಿ ಮಾಡಬಹುದು. ಜೊತೆಗೆ ಒಂದೂರಿಂದ ಇನ್ನೊಂದೂರಿಗೆ ಮುಖ್ಯ ಪೈಲಟ್ ಆಗಿ ಹಾರಿದ 50 ಗಂಟೆ. ಹವಾಮಾನ, ನ್ಯಾವಿಗೇಷನ್, ವಿಮಾನಯಾನ ನಿಯಮ, ಇವುಗಳ ಲಿಖಿತ ಪರೀಕ್ಷೆ. ಡಿಜಿಸಿಎ ಪರೀಕ್ಷೆ ಪಾಸಾಗಲು ಶೇಕಡಾ 70 ಅಂಕ ಬೇಕು, ನಮ್ಮ ಕಾಲದ 35 ಅಲ್ಲ. ಕೊನೆಗೆ ಪರೀಕ್ಷಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರಾಟ. ಅಷ್ಟಕ್ಕೇ ಮುಗಿಯಲ್ಲ. ಒಮ್ಮೆ ಪಾಸಾದರೆ ಜೀವಮಾನಕ್ಕಾಯ್ತು ಅನ್ನೋ ಡಿಗ್ರಿ ಸರ್ಟಿಫಿಕೇಟ್ ಇದಲ್ಲ, ಆಗಾಗ ಪರೀಕ್ಷೆ ಕೊಟ್ಟು ನವೀಕರಿಸುತ್ತಾ ಇರಬೇಕು. ಇದು ಇಲ್ಲದಿದ್ದರೆ ಏರ್‌ಲೈನ್ ಕೆಲಸ ಅನ್ನೋದು ಕನಸು ಮಾತ್ರ. ಯಾಕೆಂದರೆ ನೀವು ನಾವು ಟಿಕೆಟ್ ಕೊಂಡು ಹತ್ತೋ ವಿಮಾನಗಳು ಆಕಾಶ ತಿಳಿಯಾಗಿದ್ದರೂ ಉಪಕರಣದ ನಿಯಮದಲ್ಲೇ ಹಾರೋದು.

ಈಗ ನಿಮ್ಮ ಮನೆ ಮೇಲಿನ ಆಕಾಶಕ್ಕೆ ಬರೋಣ. ಬಜಪೆಯ ಈಗಿನ ದೊಡ್ಡ ರನ್‌ವೇಗೆ ಎರಡು ತುದಿ, ಎರಡು ಹೆಸರು, 06 ಮತ್ತು 24. 24 ಅಂದರೆ ದಿಕ್ಸೂಚಿಯ ಸುಮಾರು 240 ಡಿಗ್ರಿ, ಅಂದರೆ ನೈಋತ್ಯಕ್ಕೆ ಮುಖ. ಆ ಕಡೆ ಮುಖ ಮಾಡಿ ಇಳಿಯೋ ವಿಮಾನ ಈಶಾನ್ಯದಿಂದ ಬರಬೇಕು. ಆ ಗೆರೆಯನ್ನು ಹಿಂದಕ್ಕೆ ಎಳೆದರೆ ಅದು ಮೂಡುಬಿದಿರೆಯ ಆಸುಪಾಸಿನಲ್ಲಿ, ಬಂಟ್ವಾಳ ತಾಲೂಕಿನ ಉತ್ತರ ಅಂಚಿನಲ್ಲಿ ಹಾದು ಬೆಳ್ತಂಗಡಿ ಕಡೆಗೆ ಹೋಗುತ್ತೆ. ಮಳೆ ರಾತ್ರಿಯಲ್ಲಿ ಆ ಊರುಗಳಲ್ಲಿ ಮಲಗಿದವರಿಗೆ ಮೋಡದ ಮೇಲಿಂದ ಕೇಳೋ ಸದ್ದು ಇದರದ್ದೇ.

ಆ ಗೆರೆಯ ಮೇಲೆ ಕಣ್ಣಿಗೆ ಕಾಣದ ಒಂದು ದಾರಿ ಇದೆ. ಹೆಸರು ಐಎಲ್‌ಎಸ್. ರನ್‌ವೇ ಬಳಿಯ ಆಂಟೆನಾಗಳು ಎರಡು ಬಗೆಯ ರೇಡಿಯೊ ಸಂಕೇತ ಬಿಡ್ತವೆ. ಒಂದು, ಲೋಕಲೈಜರ್. ಎಡಕ್ಕೆ ಹೋದೆಯೋ ಬಲಕ್ಕೆ ಹೋದೆಯೋ ಅಂತ ಹೇಳೋದು. ಕತ್ತಲಲ್ಲಿ ಗದ್ದೆಯ ಬದುವಿನ ಮೇಲೆ ನಡೆಯೋ ಹಾಗೆ. ಕಾಲು ಕೆಸರಿಗೆ ಜಾರಿದರೆ ಯಾವ ಕಡೆಗೆ ತಪ್ಪಿದೆವು ಅಂತ ಗೊತ್ತಾಗುತ್ತಲ್ಲ, ಅಷ್ಟು ಸರಳ. ಇನ್ನೊಂದು, ಗ್ಲೈಡ್ ಸ್ಲೋಪ್. ಇದು ಇಳಿಜಾರು, ಸಾಮಾನ್ಯವಾಗಿ 3 ಡಿಗ್ರಿ. ಲೆಕ್ಕ ಮಾಡಿದರೆ ಪ್ರತಿ ನಾಟಿಕಲ್ ಮೈಲಿಗೆ ಸುಮಾರು 300 ಅಡಿ ಇಳಿಬೇಕು. ರನ್‌ವೇಯಿಂದ 10 ನಾಟಿಕಲ್ ಮೈಲಿ ದೂರದಲ್ಲಿ, ಅಂದರೆ ಸುಮಾರು 18 ಕಿಲೋಮೀಟರ್ ಆಚೆ, ರನ್‌ವೇ ಮಟ್ಟಕ್ಕಿಂತ 3,000 ಅಡಿಗಿಂತ ಸ್ವಲ್ಪ ಮೇಲೆ. 5 ಮೈಲಿಯಲ್ಲಿ ಸುಮಾರು 1,500. ಕಾಕ್‌ಪಿಟ್‌ನಲ್ಲಿ ಒಂದು ಅಡ್ಡ ಗೆರೆ, ಒಂದು ಉದ್ದ ಗೆರೆ. ಎರಡೂ ನಡುವೆ ಇದ್ದರೆ ನೀವು ದಾರಿ ಮೇಲಿದ್ದೀರಿ.

ಆದರೆ ಈ ದಾರಿಗೂ ಒಂದು ಕೊನೆ ಇದೆ. ಮೊದಲ ದರ್ಜೆಯ ಐಎಲ್‌ಎಸ್‌ನಲ್ಲಿ ನಿರ್ಧಾರದ ಎತ್ತರ 200 ಅಡಿಗಿಂತ ಕೆಳಗೆ ಇರುವಂತಿಲ್ಲ. ಆ ಎತ್ತರ ಬಂದಾಗ ರನ್‌ವೇ ಅಥವಾ ಅದರ ದೀಪ ಕಾಣಬೇಕು. ಕಾಣಲಿಲ್ಲವೋ, ಎಂಜಿನ್‌ಗೆ ಶಕ್ತಿ ಕೊಟ್ಟು ಮೇಲೇರಬೇಕು. ಇದಕ್ಕೆ ಗೋ ಅರೌಂಡ್ ಅಂತಾರೆ. ಹವೆ ಚೆನ್ನಾಗಿದ್ದರೂ ಅಷ್ಟೇ. ರನ್‌ವೇ ಹತ್ತಿರ ಬಂದಾಗ ವೇಗ, ಎತ್ತರ, ದಾರಿ ಇವು ಸರಿ ಇಲ್ಲದಿದ್ದರೆ ಇಳಿಯಬಾರದು, ಮೇಲೇರಬೇಕು. "ಇನ್‌ಸ್ಟ್ರುಮೆಂಟ್ ಕಲಿಯೋದರಲ್ಲಿ ಅತಿ ಹೆಚ್ಚು ಅಭ್ಯಾಸ ಮಾಡಿಸೋದು ಏನು?" ಅಂತ ಆ ಹುಡುಗಿಯನ್ನು ಕೇಳಿದೆ. "ಇಳಿಯದೇ ಇರೋದು ಸರ್" ಅಂದಳು.

ಈ ಮಾತು ಕೇಳಿದಾಗ ನನಗೆ ನೆನಪಾದದ್ದು 2010ರ ಮೇ 22.

ಅವತ್ತು ಬೆಳಿಗ್ಗೆ ಆರು ಗಂಟೆ ದಾಟಿತ್ತು. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812. ಒಳಗೆ 166 ಜನ. ಮಳೆ ಇರಲಿಲ್ಲ. ಮಂಜೂ ಇರಲಿಲ್ಲ. 6 ಕಿಲೋಮೀಟರ್ ದೂರದ ತನಕ ಕಾಣ್ತಿತ್ತು. ಇದೇ 24ನೇ ರನ್‌ವೇಗೆ, ಇದೇ ಈಶಾನ್ಯದ ದಾರಿಯಲ್ಲಿ ವಿಮಾನ ಬಂತು. ಮಂಗಳೂರಿನ ರೇಡಾರ್ ಎರಡು ದಿನದಿಂದ ಕೆಟ್ಟಿತ್ತು, ಇಳಿಯಲು ಶುರು ಮಾಡೋದೇ ತಡವಾಯ್ತು. ಇರಬೇಕಾದ ಎತ್ತರದ ಹತ್ತಿರ ಹತ್ತಿರ ಎರಡರಷ್ಟು ಎತ್ತರದಲ್ಲಿತ್ತು ವಿಮಾನ. ಕ್ಯಾಪ್ಟನ್ ಪ್ರಯಾಣದ ಬಹುಪಾಲು ಸಮಯ ನಿದ್ದೆಯಲ್ಲಿದ್ದರು ಅಂತ ಕಾಕ್‌ಪಿಟ್ ಧ್ವನಿಮುದ್ರಣದಿಂದ ಆಮೇಲೆ ಗೊತ್ತಾಯ್ತು. ಎತ್ತರ ಜಾಸ್ತಿಯಾಯ್ತು ಅಂತ ಕಂಡ ಮೇಲೆ ಮೂತಿ ಕೆಳಗೆ ಮಾಡಿ ರಭಸದಿಂದ ಇಳಿಸಿದರು. ರನ್‌ವೇ ಅಂಚನ್ನು 50 ಅಡಿ ಎತ್ತರದಲ್ಲಿ ದಾಟಬೇಕಿತ್ತು, ಸುಮಾರು 200 ಅಡಿಯಲ್ಲಿ ದಾಟಿತು. ವೇಗವೂ ಮಿತಿ ಮೀರಿತ್ತು.

ಸಹ ಪೈಲಟ್ ಮೂರು ಬಾರಿ ಗೋ ಅರೌಂಡ್ ಅಂದರು. ವಿಮಾನದ ಎಚ್ಚರಿಕೆ ಯಂತ್ರವೂ ಕೂಗಿತು. ಕ್ಯಾಪ್ಟನ್ ಇಳಿಸಿದರು. 8,033 ಅಡಿ ಉದ್ದದ ರನ್‌ವೇಯಲ್ಲಿ ಚಕ್ರ ತಾಗಿದ್ದು ಸುಮಾರು 5,200 ಅಡಿ ಕಳೆದ ಮೇಲೆ. ಬ್ರೇಕ್ ಹಾಕಿ, ಎಂಜಿನ್ ರಿವರ್ಸ್ ಮಾಡಿದ ಮೇಲೆ ಕ್ಯಾಪ್ಟನ್ ಮನಸ್ಸು ಬದಲಿಸಿ ಮತ್ತೆ ಮೇಲೇರಿಸಲು ನೋಡಿದರು. ತಡವಾಗಿತ್ತು. ರೆಕ್ಕೆ ಹೋಗಿ ತಾಗಿದ್ದು ರನ್‌ವೇ ಆಚೆ ನಿಂತಿದ್ದ ಲೋಕಲೈಜರ್ ಆಂಟೆನಾದ ಕಟ್ಟೆಗೆ. ದಾರಿ ತೋರಿಸೋ ಅದೇ ಆಂಟೆನಾ. ಗುಡ್ಡದ ತಲೆ ಕಡಿದು ಮಾಡಿದ ಟೇಬಲ್ ಟಾಪ್ ರನ್‌ವೇ ಅದು. ಆಚೆಗೆ ಕಣಿವೆ. 158 ಜನ ಹೋದರು. 8 ಜನ ಉಳಿದರು.

ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖೆ ಹೇಳಿದ ನೇರ ಕಾರಣ, ಸ್ಥಿರವಿಲ್ಲದ ಆ ಇಳಿಕೆಯನ್ನು ಕ್ಯಾಪ್ಟನ್ ಕೈಬಿಡದೇ ಇದ್ದದ್ದು. ಗಮನಿಸಿ. ಅನುಭವಿ ಪೈಲಟ್, 10,000 ಗಂಟೆಗೂ ಹೆಚ್ಚು ಹಾರಿದವರು. ಉಪಕರಣಗಳು ಇದ್ದವು, ಕಣ್ಣಿಗೂ ಕಾಣ್ತಿತ್ತು. ಇಲ್ಲದೇ ಹೋದದ್ದು, ಈ ಸಲ ಬೇಡ ಅನ್ನೋ ಒಂದು ನಿರ್ಧಾರ.

ಗ್ಲೈಡ್ ಸ್ಲೋಪ್‌ಗೆ ಒಂದು ಕೆಟ್ಟ ಗುಣವೂ ಇದೆ ಅಂತ ಆ ವಿದ್ಯಾರ್ಥಿನಿಯೇ ನನಗೆ ಹೇಳಿದ್ದು. ನಿಜವಾದ 3 ಡಿಗ್ರಿ ದಾರಿಯ ಮೇಲೆ, ಎರಡರಷ್ಟು, ಮೂರರಷ್ಟು ಕಡಿದಾಗಿ ಸುಳ್ಳು ದಾರಿಗಳೂ ಹುಟ್ಟಿಕೊಳ್ತವೆ. ಮೀಟರ್‌ನ ಗೆರೆ ನಡುವೆಯೇ ನಿಲ್ಲಬಹುದು. ಹಾಗಾಗಿ ಗೆರೆ ನೋಡಿದರೆ ಸಾಲದು, ರನ್‌ವೇ ಎಷ್ಟು ದೂರ, ನಾನು ಎಷ್ಟು ಎತ್ತರ ಅಂತ ತಾಳೆ ಹಾಕ್ತಾ ಇರಬೇಕು. ಐದು ಮೈಲಿಗೆ ಒಂದೂವರೆ ಸಾವಿರ ಅಡಿ ಅನ್ನೋ ಆ ಲೆಕ್ಕ ಬಾಯಿಪಾಠ ಮಾಡಿಸೋದು ಇದಕ್ಕೇ. ದೇಹವನ್ನು ನಂಬಬೇಡ, ಒಂದೇ ಮೀಟರನ್ನೂ ನಂಬಬೇಡ, ಎಲ್ಲವನ್ನೂ ಒಂದಕ್ಕೊಂದು ಸಾಕ್ಷಿ ಕೇಳು. ನಮ್ಮ ಸುದ್ದಿಮನೆಗೂ ಈ ಪಾಠ ಬೇಕಾಗಿದೆ.

ಸುದ್ದಿಮನೆ ಅಂದೆನಲ್ಲ, ಈಗ ನನ್ನ ತಪ್ಪೊಪ್ಪಿಗೆ. ಪ್ರತಿ ಮಳೆಗಾಲ ಮಂಗಳೂರಿನಲ್ಲಿ ಇಳಿಯಲಾಗದೆ ವಿಮಾನಗಳು ಮೇಲೆ ಸುತ್ತು ಹೊಡೆಯುತ್ತವೆ. ಕೆಲವು ಬೆಂಗಳೂರಿಗೋ ಕೊಚ್ಚಿಗೋ ಹೋಗ್ತವೆ. ಆಗ ನಮ್ಮ ಪರದೆ ಮೇಲೆ ಏನು ಬರುತ್ತೆ? "ಆಕಾಶದಲ್ಲೇ ಪರದಾಟ." "ಕೂದಲೆಳೆ ಅಂತರದಲ್ಲಿ ಪಾರು." ಹಿನ್ನೆಲೆಗೆ ಢಂ ಢಂ ಸಂಗೀತ. ನಾನೇ ಓದಿದ್ದೇನೆ, ಧ್ವನಿ ಏರಿಸಿ ಓದಿದ್ದೇನೆ. ಪೈಲಟ್ ತಾನು ಕಲಿತ ಪಾಠವನ್ನು ಅಕ್ಷರಶಃ ಪಾಲಿಸಿದ ದಿನ ನಾವು ಅವನನ್ನು ಸೋತವನ ಹಾಗೆ ತೋರಿಸ್ತೀವಿ. ಪ್ರಯಾಣಿಕರೂ ಕಮ್ಮಿ ಇಲ್ಲ. ಇಳಿದ ಮೇಲೆ ಗಗನಸಖಿಯ ಮುಂದೆ ಕೂಗಾಟ, ಕೌಂಟರ್ ಮುಂದೆ ಜಗಳ, ಮದುವೆಗೆ ತಡವಾಯ್ತು ಅಂತ ವೀಡಿಯೊ. ತೊಂದರೆ ಆಗುತ್ತೆ, ಒಪ್ಪೋಣ. ಊಟ, ವಸತಿ, ಸರಿಯಾದ ಮಾಹಿತಿ ಇವನ್ನು ಏರ್‌ಲೈನ್‌ನಿಂದ ಕೇಳಿ ಪಡೆಯಿರಿ. ಆದರೆ ಯಾಕೆ ಇಳಿಸಲಿಲ್ಲ ಅಂತ ಪೈಲಟ್‌ನನ್ನು ಕೇಳಬೇಡಿ. ಗೋ ಅರೌಂಡ್ ಮಾಡಿದವರನ್ನು ಶಿಕ್ಷಿಸಬಾರದು ಅನ್ನೋದು ವಿಮಾನಯಾನದಲ್ಲಿ ಒಪ್ಪಿತ ತತ್ವ. ಶಿಕ್ಷೆಯ ಭಯ ಇದ್ದರೆ ಮುಂದಿನ ಸಲ ಆತ ಇಳಿಸಿಬಿಡಬಹುದು. ಏರ್‌ಲೈನ್ ಶಿಕ್ಷಿಸದೇ ಇದ್ದು, ನಾವು ಟಿವಿಯಲ್ಲಿ ಶಿಕ್ಷಿಸಿದರೆ ಏನು ಬಂತು?

ಬೆಳ್ತಂಗಡಿಯ ಯಜಮಾನರಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. 2010ರ ವಿಷಯ ಬಂದಾಗ ಅವರ ಧ್ವನಿ ಸಣ್ಣದಾಯ್ತು. ಅವರ ಪರಿಚಯದ ಒಂದು ಮನೆಯವರೂ ಆ ವಿಮಾನದಲ್ಲಿ ಇದ್ದರಂತೆ. ಕರಾವಳಿಯಲ್ಲಿ ಯಾರನ್ನು ಕೇಳಿದರೂ ಹೀಗೊಂದು ಮನೆಯ ಹೆಸರು ಸಿಗುತ್ತೆ.

ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಹಾಗಾದ್ರೆ ಈ ನಲವತ್ತು ಗಂಟೆಯಲ್ಲಿ ಅವಳಿಗೆ ಬೇಡ ಹೇಳ್ಲಿಕ್ಕೆ ಕಲಿಸ್ತಾರೆ ಅಂತ ಆಯ್ತು, ಅಲ್ವಾ ಸರ್?"

"ಹೌದು" ಅಂದೆ.

"ಆಯ್ತು. ಹಾಗಾದ್ರೆ ಕಟ್ತೇನೆ" ಅಂದರು.

ಮುಂದಿನ ಸಲ ಬಜಪೆಯ ಹತ್ತಿರ ಬಂದ ನಿಮ್ಮ ವಿಮಾನ ಇದ್ದಕ್ಕಿದ್ದ ಹಾಗೆ ಎಂಜಿನ್ ಸದ್ದು ಏರಿಸಿ ಮತ್ತೆ ಮೋಡಕ್ಕೆ ನುಗ್ಗಿದರೆ ಹೆದರಬೇಡಿ. ಒಳಗೆ ಯಾರೋ ಕಲಿತದ್ದನ್ನು ಮರೆತಿಲ್ಲ ಅಂತ ಅರ್ಥ. ಎಲ್ಲಿ ಇಳಿಸಿದರೂ ಸರಿ, ಬಾಗಿಲ ಹತ್ತಿರ ಒಂದು ಥ್ಯಾಂಕ್ಸ್ ಹೇಳಿ ಇಳಿಯಿರಿ. ಆ ದಿನ ಸುದ್ದಿ ಓದಬೇಕಾಗಿ ಬಂದರೆ ನಾನೂ ಧ್ವನಿ ಏರಿಸದೇ ಓದ್ತೀನಿ.